ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್: ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕುವುದು ಹೇಗೆ?

ಥರ್ಮಾಮೀಟರ್ 101 ತೋರಿಸುತ್ತಿದೆ. ಔಷಧಿ ಡಬ್ಬಿಯ ಮೇಲೆ "ಜ್ವರ 38 ಡಿಗ್ರಿ ದಾಟಿದರೆ ವೈದ್ಯರಿಗೆ ತೋರಿಸಿ" ಅಂತ ಬರೆದಿದೆ. ದಾಟಿದೆಯಾ, ಇಲ್ವಾ? ಒಂದು ಫ್ಯಾರನ್‌ಹೀಟ್, ಇನ್ನೊಂದು ಸೆಲ್ಸಿಯಸ್ ಅನ್ನೋದು ಗೊತ್ತು. ಆದರೆ 9/5ರಿಂದ ಗುಣಿಸಬೇಕಾ, 5/9ರಿಂದಲಾ? 32 ಅನ್ನು ಮೊದಲೇ ಕಳೆಯಬೇಕಾ, ಕೊನೆಗೆ ಕೂಡಬೇಕಾ? ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ ಇಂಥ ಹೊತ್ತಿನಲ್ಲೇ ಕೈಕೊಡುತ್ತದೆ.

ನಿಜ ಹೇಳಬೇಕೆಂದರೆ ಬಾಯಿಪಾಠ ಬೇಕಾಗಿಯೇ ಇಲ್ಲ. ಯಾವುದೇ ಉಷ್ಣತೆಯ ಅಳತೆಯ ಬಗ್ಗೆ ಎರಡು ಸಂಗತಿ ಗೊತ್ತಿದ್ದರೆ ಸಾಕು: ಅದರ ಸೊನ್ನೆ ಎಲ್ಲಿದೆ, ಅದರ ಒಂದು ಡಿಗ್ರಿ ಎಷ್ಟು ದೊಡ್ಡದು. ಇವೆರಡನ್ನು ಹಿಡಿದುಕೊಂಡರೆ ಸೂತ್ರವನ್ನು ಕೂತಲ್ಲೇ ಕಟ್ಟಬಹುದು. ಮುಂದೆ ಸೆಲ್ಸಿಯಸ್‌ಗೆ °ಸೆ, ಫ್ಯಾರನ್‌ಹೀಟ್‌ಗೆ °ಫ್ಯಾ ಅಂತ ಚಿಕ್ಕದಾಗಿ ಬರೆಯುತ್ತೇನೆ.

ಸೊನ್ನೆ ಎಲ್ಲಿದೆ, ಡಿಗ್ರಿ ಎಷ್ಟು ದೊಡ್ಡದು?

ಒಂದೇ ಗೋಡೆಗೆ ಎರಡು ಏಣಿ ಒರಗಿಸಿದ್ದಾರೆ ಅಂದುಕೊಳ್ಳಿ. ಒಂದು ಏಣಿಯ ಮೊದಲ ಮೆಟ್ಟಿಲು ಇನ್ನೊಂದರದ್ದಕ್ಕಿಂತ ಕೆಳಗಿದೆ, ಅದರ ಮೆಟ್ಟಿಲುಗಳೂ ಹತ್ತಿರ ಹತ್ತಿರ ಇವೆ. ಗೋಡೆಯ ಒಂದೇ ಎತ್ತರವನ್ನು ಎರಡೂ ಬೇರೆ ಬೇರೆ ಸಂಖ್ಯೆಯಲ್ಲಿ ಹೇಳುತ್ತವೆ. ಫ್ಯಾರನ್‌ಹೀಟ್ ಮತ್ತು ಸೆಲ್ಸಿಯಸ್ ಇರುವುದು ಹೀಗೆಯೇ.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1724ರಲ್ಲಿ ತನ್ನ ಅಳತೆಯನ್ನು ಪ್ರಕಟಿಸಿದ. ಮಂಜುಗಡ್ಡೆ, ನೀರು ಮತ್ತು ಅಮೋನಿಯಂ ಕ್ಲೋರೈಡ್ ಲವಣ ಬೆರೆಸಿದಾಗ ಸಿಗುವ ತಣ್ಣನೆಯ ಮಿಶ್ರಣಕ್ಕೆ 0 ಕೊಟ್ಟ. ಬರೀ ಮಂಜುಗಡ್ಡೆ ಮತ್ತು ನೀರಿಗೆ 32, ಮನುಷ್ಯನ ಮೈಬಿಸಿಗೆ 96. ಆಮೇಲೆ ಈ ಅಳತೆಯನ್ನು ನೀರು ಹೆಪ್ಪುಗಟ್ಟುವ 32 ಮತ್ತು ನೀರು ಕುದಿಯುವ 212 ಎಂಬ ಎರಡು ಗೂಟಗಳಿಗೆ ಕಟ್ಟಿದರು. ಆಗ ಮೈಬಿಸಿ 98ರ ಆಸುಪಾಸಿಗೆ ಬಂತು.

ಸ್ವೀಡನ್ನಿನ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೀರಿನ ಇದೇ ಎರಡು ಬಿಂದುಗಳ ನಡುವೆ ನೂರು ಭಾಗ ಮಾಡಿದ. ಆದರೆ ಆತ ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಇಟ್ಟಿದ್ದ! ಸ್ವಲ್ಪ ಕಾಲದಲ್ಲೇ ಅದನ್ನು ತಿರುಗಿಸಿ ಈಗಿನ ರೂಪಕ್ಕೆ ತಂದರು. ಬಹಳ ಕಾಲ ಸೆಂಟಿಗ್ರೇಡ್ ಅಂತ ಕರೆಸಿಕೊಂಡ ಇದಕ್ಕೆ ಅಧಿಕೃತವಾಗಿ ಸೆಲ್ಸಿಯಸ್ ಎಂಬ ಹೆಸರು ಬಂದದ್ದು 1948ರಲ್ಲಿ.

ಈಗ ಲೆಕ್ಕಕ್ಕೆ ಬೇಕಾದ್ದು ಇಷ್ಟೇ. ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ:

ನೀರು ಹೆಪ್ಪುಗಟ್ಟುವುದು: 0 °ಸೆ, 32 °ಫ್ಯಾ
ನೀರು ಕುದಿಯುವುದು: 100 °ಸೆ, 212 °ಫ್ಯಾ

ಸೆಲ್ಸಿಯಸ್‌ನಲ್ಲಿ ಈ ಎರಡರ ನಡುವೆ 100 ಡಿಗ್ರಿ. ಫ್ಯಾರನ್‌ಹೀಟ್‌ನಲ್ಲಿ 212ರಲ್ಲಿ 32 ಕಳೆದರೆ 180 ಡಿಗ್ರಿ. ಅಂದರೆ ಒಂದು ಸೆಲ್ಸಿಯಸ್ ಡಿಗ್ರಿ 1.8 ಫ್ಯಾರನ್‌ಹೀಟ್ ಡಿಗ್ರಿಗೆ ಸಮ. 9/5 ಅಂತ ನಾವು ಕಲಿತದ್ದು ಇದನ್ನೇ. ಮತ್ತೆ ಸೊನ್ನೆ ಇರುವ ಜಾಗದ ವ್ಯತ್ಯಾಸವೇ ಆ 32. ಸೂತ್ರದ ಗುಟ್ಟು ಇಷ್ಟೇ.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ

ಹೆಜ್ಜೆ 1: ಸೆಲ್ಸಿಯಸ್ ಸಂಖ್ಯೆಯನ್ನು 1.8ರಿಂದ ಗುಣಿಸಿ. ದೊಡ್ಡ ಡಿಗ್ರಿಗಳನ್ನು ಸಣ್ಣ ಡಿಗ್ರಿಗಳಾಗಿ ಎಣಿಸುತ್ತಿದ್ದೀರಿ, ಹಾಗಾಗಿ ಸಂಖ್ಯೆ ಜಾಸ್ತಿ ಆಗಲೇಬೇಕು.
ಹೆಜ್ಜೆ 2: ಬಂದದ್ದಕ್ಕೆ 32 ಕೂಡಿ.

37 °ಸೆ ತೆಗೆದುಕೊಳ್ಳಿ. 37 × 1.8 = 66.6. ಅದಕ್ಕೆ 32 ಕೂಡಿದರೆ 98.6 °ಫ್ಯಾ.

ಮೈನಸ್ ಇದ್ದರೂ ದಾರಿ ಅದೇ, ಚಿಹ್ನೆ ಮಾತ್ರ ಕೈತಪ್ಪಬಾರದು. −10 °ಸೆ ಅಂದರೆ −10 × 1.8 = −18. −18ಕ್ಕೆ 32 ಕೂಡಿದರೆ 14 °ಫ್ಯಾ. ಇಲ್ಲಿ ತುಂಬಾ ಜನ ಮೈನಸ್ ಮರೆತು 18 + 32 = 50 ಅಂತ ಬರೆದುಬಿಡುತ್ತಾರೆ. ನೀರು ಹೆಪ್ಪುಗಟ್ಟುವುದಕ್ಕಿಂತ ತಣ್ಣಗಿರುವುದು 32ಕ್ಕಿಂತ ಕಡಿಮೆ ಬರಲೇಬೇಕಲ್ವಾ? ಆ ಒಂದು ಪ್ರಶ್ನೆ ಕೇಳಿಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ

ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಹೋಗುವಾಗ ಕೊನೆಗೆ 32 ಕೂಡಿದ್ದೆವು, ಬರುವಾಗ ಮೊದಲು ಅದನ್ನೇ ಕಳೆಯಬೇಕು.

ಹೆಜ್ಜೆ 1: 32 ಕಳೆಯಿರಿ.
ಹೆಜ್ಜೆ 2: ಉಳಿದದ್ದನ್ನು 1.8ರಿಂದ ಭಾಗಿಸಿ. 5/9ರಿಂದ ಗುಣಿಸಿದರೂ ಒಂದೇ.

ಮೊದಲು ಹೇಳಿದ ಜ್ವರದ ಲೆಕ್ಕ ನೋಡೋಣ. 101 − 32 = 69. 69 ÷ 1.8 = 38.33. ಹೌದು, 38 ದಾಟಿದೆ. ವೈದ್ಯರಿಗೆ ತೋರಿಸಬೇಕು.

ಕ್ರಮ ಹಿಂದುಮುಂದಾದರೆ ಏನಾಗುತ್ತದೆ ನೋಡಿ. 101 ಅನ್ನು ಮೊದಲು ಭಾಗಿಸಿದರೆ 56.1. ಆಮೇಲೆ 32 ಕಳೆದರೆ 24.1. ಜ್ವರ ಬಂದ ಮೈ 24 ಡಿಗ್ರಿಗೆ ಇಳಿದುಬಿಟ್ಟಿತು!

ಬಾಯಿಲೆಕ್ಕದಲ್ಲಿ

1.8ರಿಂದ ಗುಣಿಸುವುದು ಕಷ್ಟ ಅನ್ನಿಸಿದರೆ ಹೀಗೆ ಮಾಡಿ. ಸಂಖ್ಯೆಯನ್ನು ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, 32 ಕೂಡಿ. 25 °ಸೆ: ಎರಡರಷ್ಟು 50, ಅದರ ಹತ್ತನೇ ಒಂದು ಭಾಗ 5, ಕಳೆದರೆ 45, ಕೂಡಿದರೆ 77 °ಫ್ಯಾ. ಇದು ಅಂದಾಜಲ್ಲ, ಪಕ್ಕಾ ಉತ್ತರ. 2ರಲ್ಲಿ 0.2 ಹೋದರೆ 1.8 ತಾನೇ?

ವಾಪಸ್ ಬರುವ ಬಾಯಿಲೆಕ್ಕ ಸ್ವಲ್ಪ ನಾಜೂಕಿನದು. 32 ಕಳೆಯಿರಿ, ಅರ್ಧ ಮಾಡಿ, ಆ ಅರ್ಧದ ಹತ್ತನೇ ಒಂದು ಭಾಗವನ್ನು ಕೂಡಿ. 86 °ಫ್ಯಾ: 54, ಅರ್ಧ 27, 2.7 ಕೂಡಿದರೆ 29.7. ನಿಜವಾದ ಉತ್ತರ 30. ಹವಾಮಾನಕ್ಕೆ ಇಷ್ಟು ಸಾಕು.

ಆದರೆ ಜ್ವರಕ್ಕೆ ಸಾಲದು. ಅದೇ 101 ಅನ್ನು ಹೀಗೆ ಮಾಡಿ ನೋಡಿ. 69, ಅರ್ಧ 34.5, ಹತ್ತನೇ ಒಂದು ಭಾಗ 3.45, ಒಟ್ಟು 37.95. ಅಯ್ಯೋ, 38 ದಾಟಲೇ ಇಲ್ಲವಲ್ಲ! ನಿಜವಾದ 38.33 ಎಲ್ಲಿ, ಇದೆಲ್ಲಿ? ಪರಿಹಾರ ಸುಲಭ: ಕೊನೆಗೆ ಕೂಡಿದ 3.45ರದ್ದೇ ಹತ್ತನೇ ಒಂದು ಭಾಗವನ್ನು, ಅಂದರೆ 0.345 ಅನ್ನು, ಇನ್ನೊಮ್ಮೆ ಕೂಡಿ. 38.295 ಬಂತು. 1ನ್ನು 1.8ರಿಂದ ಭಾಗಿಸಿದರೆ 0.5555 ಅಂತ ಮುಗಿಯದೆ ಹೋಗುತ್ತದೆ. ಅರ್ಧ, ಅರ್ಧದ ಹತ್ತನೇ ಒಂದು, ಅದರ ಹತ್ತನೇ ಒಂದು ಅಂತ ಕೂಡುತ್ತಾ ಹೋದಾಗ ನಾವು ಆ 5ಗಳನ್ನು ಒಂದೊಂದಾಗಿ ಸೇರಿಸುತ್ತಿದ್ದೇವೆ. ಎಷ್ಟು ಬಾರಿ ಸೇರಿಸುತ್ತೀರೋ ಅಷ್ಟು ನಿಖರ.

"ಎರಡರಷ್ಟು ಮಾಡಿ 30 ಕೂಡಿ" ಅನ್ನೋ ಉಪಾಯವೂ ಚಾಲ್ತಿಯಲ್ಲಿದೆ. 10 °ಸೆ ಹತ್ತಿರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 10ಕ್ಕೆ 50 ಬರುತ್ತದೆ, ಅದು ಸರಿಯಾದ ಉತ್ತರವೇ. 25ಕ್ಕೆ 80 ಬರುತ್ತದೆ, ನಿಜ 77. 37ಕ್ಕೆ ಬರುವುದು 104! ಆರೋಗ್ಯವಾಗಿರುವವರಿಗೆ ವಿಪರೀತ ಜ್ವರ ಬಂದಂತಾಗುತ್ತದೆ. ಹಾಗಾಗಿ ಈ ಉಪಾಯವನ್ನು ಹೊರಗಿನ ಚಳಿ, ಬಿಸಿಲು ತಿಳಿಯುವುದಕ್ಕಷ್ಟೇ ಇಟ್ಟುಕೊಳ್ಳಿ. ದೇಹದ ಉಷ್ಣತೆಗೆ ಖಂಡಿತ ಬೇಡ.

ನನಗೆ ತುಂಬಾ ಇಷ್ಟವಾದ ದಾರಿ ಮೈನಸ್ 40ರದ್ದು. ಎರಡೂ ಅಳತೆಗಳು ಒಂದೇ ಸಂಖ್ಯೆ ಹೇಳುವ ಜಾಗ ಅದೊಂದೇ: −40 °ಸೆ ಅಂದರೆ −40 °ಫ್ಯಾ. ಅಲ್ಲಿಂದಲೇ ಎಣಿಸಲು ಶುರು ಮಾಡಿದರೆ 32ರ ಗೊಂದಲವೇ ಇರುವುದಿಲ್ಲ. ಯಾವ ಕಡೆಗೆ ಹೋಗುವುದಾದರೂ ಮೊದಲು 40 ಕೂಡಿ. ಫ್ಯಾರನ್‌ಹೀಟ್ ಬೇಕಿದ್ದರೆ 1.8ರಿಂದ ಗುಣಿಸಿ, ಸೆಲ್ಸಿಯಸ್ ಬೇಕಿದ್ದರೆ 1.8ರಿಂದ ಭಾಗಿಸಿ. ಕೊನೆಗೆ 40 ಕಳೆಯಿರಿ. 20 °ಸೆ: 60, ಗುಣಿಸಿದರೆ 108, ಕಳೆದರೆ 68 °ಫ್ಯಾ. 68 °ಫ್ಯಾ: 108, ಭಾಗಿಸಿದರೆ 60, ಕಳೆದರೆ 20 °ಸೆ. ಮೊದಲು ಕೂಡಬೇಕಾ, ಕಳೆಯಬೇಕಾ ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಅಂದ ಹಾಗೆ, ಪಾದರಸ −38.83 °ಸೆನಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಎರಡೂ ಅಳತೆ ಕೂಡುವ ಆ ಜಾಗವನ್ನು ಪಾದರಸದ ಥರ್ಮಾಮೀಟರಿನಲ್ಲಿ ನೋಡಲಾಗದು. ಅಷ್ಟು ಚಳಿಗೆ ಆಲ್ಕೋಹಾಲ್ ತುಂಬಿದ್ದು ಬೇಕು.

ಲೆಕ್ಕವೇ ಬೇಡ ಅನ್ನುವವರು ನಾಲ್ಕಾರು ಜೋಡಿ ನೆನಪಿಟ್ಟುಕೊಳ್ಳಬಹುದು. ಸೆಲ್ಸಿಯಸ್ 5 ಏರಿದಾಗ ಫ್ಯಾರನ್‌ಹೀಟ್ ಸರಿಯಾಗಿ 9 ಏರುತ್ತದೆ: 0ಕ್ಕೆ 32, 5ಕ್ಕೆ 41, 10ಕ್ಕೆ 50, 15ಕ್ಕೆ 59, 20ಕ್ಕೆ 68, 25ಕ್ಕೆ 77, 30ಕ್ಕೆ 86, 35ಕ್ಕೆ 95, 40ಕ್ಕೆ 104. ಅಂಕಿ ತಿರುವಿದರೆ ಸಿಗುವ ಎರಡು ಜೋಡಿಗಳೂ ಇವೆ: 16 °ಸೆ ಸುಮಾರು 61 °ಫ್ಯಾ, 28 °ಸೆ ಸುಮಾರು 82 °ಫ್ಯಾ.

ಕೆಲ್ವಿನ್

ಇದು ಎಲ್ಲಕ್ಕಿಂತ ಸುಲಭ. ಕೆಲ್ವಿನ್‌ನ ಒಂದು ಮೆಟ್ಟಿಲು ಸೆಲ್ಸಿಯಸ್‌ನಷ್ಟೇ ದೊಡ್ಡದು, ಸೊನ್ನೆ ಮಾತ್ರ ಬೇರೆ ಕಡೆ. ಹಾಗಾಗಿ ಗುಣಾಕಾರ ಇಲ್ಲವೇ ಇಲ್ಲ. ಸೆಲ್ಸಿಯಸ್‌ಗೆ 273.15 ಕೂಡಿದರೆ ಕೆಲ್ವಿನ್, ಕೆಲ್ವಿನ್‌ನಿಂದ 273.15 ಕಳೆದರೆ ಸೆಲ್ಸಿಯಸ್.

ಇಂಥ ಅಳತೆ ಬೇಕು ಎಂದು ವಿಲಿಯಂ ಥಾಮ್ಸನ್ 1848ರಲ್ಲಿ ಬರೆದ. ಆತನೇ ಮುಂದೆ ಲಾರ್ಡ್ ಕೆಲ್ವಿನ್ ಆದ. ಈ ಅಳತೆಯ ಸೊನ್ನೆ ಯಾವುದೋ ದ್ರವ ಹೆಪ್ಪುಗಟ್ಟುವ ಜಾಗವಲ್ಲ. ಅದಕ್ಕಿಂತ ತಣ್ಣಗೆ ಹೋಗಲು ಸಾಧ್ಯವೇ ಇಲ್ಲದ ತುದಿ. ಅದಕ್ಕೆ ನಿರಪೇಕ್ಷ ಶೂನ್ಯ ಅನ್ನುತ್ತಾರೆ: −273.15 °ಸೆ, ಅಥವಾ −459.67 °ಫ್ಯಾ. ಹಾಗಾಗಿ ಕೆಲ್ವಿನ್‌ನಲ್ಲಿ ಸಾಮಾನ್ಯ ಲೆಕ್ಕದಲ್ಲಿ ಮೈನಸ್ ಬರುವುದಿಲ್ಲ. ಬಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಇನ್ನೊಂದು ಮಾತು: 300 ಕೆಲ್ವಿನ್ ಅನ್ನಬೇಕು, 300 ಡಿಗ್ರಿ ಕೆಲ್ವಿನ್ ಅಲ್ಲ. ಡಿಗ್ರಿ ಎಂಬ ಮಾತನ್ನು 1960ರ ದಶಕದಲ್ಲೇ ಕೈಬಿಟ್ಟಿದ್ದಾರೆ.

ಫ್ಯಾರನ್‌ಹೀಟ್ ಮತ್ತು ಕೆಲ್ವಿನ್ ನಡುವೆ ನೇರ ಸೂತ್ರ ಹುಡುಕಬೇಡಿ. ಸೆಲ್ಸಿಯಸ್ ಮೂಲಕ ಹೋಗಿ, ತಪ್ಪು ಕಡಿಮೆ. ದ್ರವ ಸಾರಜನಕ ಕುದಿಯುವುದು ಸುಮಾರು 77 ಕೆಲ್ವಿನ್‌ನಲ್ಲಿ. 77 − 273.15 = −196.15 °ಸೆ. ಅದನ್ನು 1.8ರಿಂದ ಗುಣಿಸಿದರೆ −353.07, 32 ಕೂಡಿದರೆ −321.07. ಅಂದರೆ ಸುಮಾರು −321 °ಫ್ಯಾ.

ಬಿಸಿ ಜಾಸ್ತಿಯಾದಷ್ಟೂ ಆ 273ರ ತೂಕ ಕಡಿಮೆಯಾಗುತ್ತದೆ. ಸೂರ್ಯನ ಮೇಲ್ಮೈ ಸುಮಾರು 5772 ಕೆಲ್ವಿನ್, ಸೆಲ್ಸಿಯಸ್‌ನಲ್ಲಿ ಸುಮಾರು 5500. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 6500 ಕೆಲ್ವಿನ್ ಅಂತ ಇರುತ್ತದಲ್ಲ, ಅದನ್ನು ಮಾತ್ರ ಸೆಲ್ಸಿಯಸ್‌ಗೆ ತಿರುಗಿಸಲು ಹೋಗಬೇಡಿ. ಎಲ್‌ಇಡಿ ಬಲ್ಬು ಅಷ್ಟು ಕಾದಿರುವುದಿಲ್ಲ. ಅಷ್ಟು ಕಾದ ವಸ್ತು ಯಾವ ಬಣ್ಣದ ಬೆಳಕು ಕೊಡುತ್ತದೋ ಆ ಬಣ್ಣ ಇದರದ್ದು ಅಂತ ಹೇಳುವ ಸಂಖ್ಯೆ ಅದು. 2700 ಹಳದಿ, 6500 ನೀಲಿ ಕಡೆಗೆ ವಾಲಿದ ಬಿಳಿ.

ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ: ಉಷ್ಣತೆಯಾ, ವ್ಯತ್ಯಾಸವಾ?

ಸೂತ್ರ ಸರಿಯಾಗಿ ಗೊತ್ತಿದ್ದವರೂ ತಪ್ಪುವುದು ಇಲ್ಲಿ. ದಯವಿಟ್ಟು ನಿಧಾನವಾಗಿ ಓದಿ.

ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕೆಗಳು ಬರುವುದಕ್ಕೆ ಮುಂಚೆ ಇದ್ದದ್ದಕ್ಕಿಂತ 1.5 °ಸೆಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಲು ಪ್ರಯತ್ನಿಸಬೇಕು ಎಂದು 2015ರ ಪ್ಯಾರಿಸ್ ಒಪ್ಪಂದ ಹೇಳುತ್ತದೆ. ಇದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿ ನೋಡೋಣ. ಸೂತ್ರಕ್ಕೆ ಹಾಕಿದರೆ 1.5 × 1.8 + 32 = 34.7. ಭೂಮಿ 34.7 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ ಬಿಸಿಯಾಗುತ್ತದೆ ಅಂದರೆ ಯಾರಾದರೂ ನಂಬುತ್ತಾರಾ? ಸರಿಯಾದ ಉತ್ತರ 2.7.

ಕಾರಣ ಸರಳ. 32 ಇರುವುದು ಸೊನ್ನೆಯ ಜಾಗ ಸರಿಮಾಡುವುದಕ್ಕೆ. ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವಾಗ ಒಂದು ಉಷ್ಣತೆಯಲ್ಲಿ ಇನ್ನೊಂದನ್ನು ಕಳೆದಿರುತ್ತೇವೆ. ಆಗ ಎರಡರಲ್ಲೂ ಇದ್ದ 32 ಹೊಡೆದುಹೋಗುತ್ತದೆ. ಉಳಿಯುವುದು 1.8 ಮಾತ್ರ.

ಹಾಗಾಗಿ ಲೆಕ್ಕ ಶುರು ಮಾಡುವ ಮೊದಲು ವಾಕ್ಯವನ್ನು ನೋಡಿ. "ಎಷ್ಟಿದೆ" ಅಂತ ಕೇಳುತ್ತಿದ್ದರೆ 1.8 ಮತ್ತು 32 ಎರಡೂ ಬೇಕು. "ಎಷ್ಟು ಏರಿತು, ಇಳಿಯಿತು, ಹೆಚ್ಚು, ಕಡಿಮೆ" ಅಂತಿದ್ದರೆ ಬರೀ 1.8. ಥರ್ಮಾಮೀಟರಿನ ಡಬ್ಬಿಯಲ್ಲಿ "±0.5 °ಸೆ ತಪ್ಪು ಇರಬಹುದು" ಅಂತ ಬರೆದಿದ್ದರೆ ಅದೂ ವ್ಯತ್ಯಾಸವೇ, ±0.9 °ಫ್ಯಾ ಆಗುತ್ತದೆ. ಕೆಲ್ವಿನ್‌ನಲ್ಲಿ ವ್ಯತ್ಯಾಸ ಸೆಲ್ಸಿಯಸ್‌ನಷ್ಟೇ: 10 °ಸೆ ಏರಿತು ಅಂದರೆ 10 ಕೆಲ್ವಿನ್ ಏರಿತು, 283.15 ಅಲ್ಲ.

"ಪ್ರತಿ ಡಿಗ್ರಿಗೆ ಇಷ್ಟು" ಅನ್ನುವ ಸಂಖ್ಯೆಗಳಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಉಕ್ಕು ಪ್ರತಿ ಸೆಲ್ಸಿಯಸ್ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಉದ್ದವಾಗುತ್ತದೆ. ಪ್ರತಿ ಫ್ಯಾರನ್‌ಹೀಟ್ ಡಿಗ್ರಿಗೆ ಎಷ್ಟು? ಫ್ಯಾರನ್‌ಹೀಟ್ ಡಿಗ್ರಿ ಚಿಕ್ಕದು, ಅಷ್ಟು ಚಿಕ್ಕ ಏರಿಕೆಗೆ ಕಡಿಮೆ ಉದ್ದವಾಗಬೇಕು. ಆದ್ದರಿಂದ 1.8ರಿಂದ ಭಾಗಿಸಬೇಕು, ಸುಮಾರು 6.7 ಭಾಗ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪ್ರಶ್ನೆ ಇದೆ. 20 °ಸೆ ಅನ್ನೋದು 10 °ಸೆಗಿಂತ ಎರಡು ಪಟ್ಟು ಬಿಸಿಯಾ? ಅಲ್ಲ. ಫ್ಯಾರನ್‌ಹೀಟ್‌ನಲ್ಲಿ ಅವೇ 68 ಮತ್ತು 50, ಎರಡು ಪಟ್ಟು ಎಲ್ಲಿಗೆ ಹೋಯಿತು? "ಎಷ್ಟು ಪಟ್ಟು" ಎಂಬ ಮಾತಿಗೆ ಅರ್ಥ ಬರುವುದು ಸೊನ್ನೆ ನಿಜವಾಗಿಯೂ ಸೊನ್ನೆಯಾಗಿದ್ದಾಗ, ಅಂದರೆ ಕೆಲ್ವಿನ್‌ನಲ್ಲಿ. 283.15 ಕೆಲ್ವಿನ್ 293.15 ಆಯಿತು, ಸುಮಾರು 3.5 ಶೇಕಡಾ ಏರಿಕೆ ಅಷ್ಟೇ. ಅನಿಲದ ಒತ್ತಡ, ಗಾತ್ರಗಳ ಲೆಕ್ಕದಲ್ಲಿ ಉಷ್ಣತೆಯನ್ನು ಕೆಲ್ವಿನ್‌ಗೆ ತಿರುಗಿಸಿಯೇ ಹಾಕಬೇಕು ಅನ್ನೋದು ಇದಕ್ಕೇ.

ದಶಮಾಂಶ ಎಷ್ಟು ಇಟ್ಟುಕೊಳ್ಳಬೇಕು?

98.6 ಅನ್ನೋ ಸಂಖ್ಯೆಯನ್ನೇ ನೋಡಿ. ಆ ".6" ಇರುವುದರಿಂದ ಯಾರೋ ಬಹಳ ನಿಖರವಾಗಿ ಅಳೆದಿದ್ದಾರೆ ಅನ್ನಿಸುತ್ತದೆ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ 1868ರಲ್ಲಿ ಮೈಬಿಸಿಯ ಸರಾಸರಿ ಎಂದು ಕೊಟ್ಟದ್ದು 37 °ಸೆ. ಆ ದುಂಡು ಸಂಖ್ಯೆಯನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಬಂತು. ನಿಖರತೆ ಅಳತೆಯಿಂದ ಬಂದದ್ದಲ್ಲ, ಗುಣಾಕಾರದಿಂದ ಬಂದದ್ದು. ಆರೋಗ್ಯವಂತರ ಮೈಬಿಸಿ ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. 98.2 ಬಂದರೆ ಗಾಬರಿ ಬೇಡ. ಜ್ವರದ ಗೆರೆ ಎಂದು ಹೇಳುವ 100.4 °ಫ್ಯಾ ಕೂಡ 38 °ಸೆನಿಂದಲೇ ಬಂದದ್ದು.

ನಿಯಮ ಎರಡೇ. ನಡುವೆ ದುಂಡು ಮಾಡಬೇಡಿ, ಕೊನೆಯಲ್ಲಿ ಒಂದೇ ಸಲ ಮಾಡಿ. ಮತ್ತು ಮೂಲ ಸಂಖ್ಯೆ ಎಷ್ಟು ನಿಖರವೋ ಅಷ್ಟನ್ನೇ ಉತ್ತರದಲ್ಲೂ ಇಡಿ. 350 °ಫ್ಯಾ ಅಂತ ಓವನ್ನಿಗೆ ಹೇಳಿದ್ದರೆ ಲೆಕ್ಕದಲ್ಲಿ 176.67 °ಸೆ ಬರುತ್ತದೆ. ಓವನ್ನಿನ ಒಳಗಿನ ಬಿಸಿಯೇ ಅದಕ್ಕಿಂತ ಜಾಸ್ತಿ ಹೊಯ್ದಾಡುತ್ತದೆ, ಸುಮ್ನೆ 175 ಅಥವಾ 180 ಇಡಿ.

ಹಳೆಯ ಅಳತೆಗಳು

ಹಳೆಯ ಪುಸ್ತಕಗಳಲ್ಲಿ ರೇಯೋಮ್ಯೂರ್ ಅಳತೆ ಸಿಗಬಹುದು, ಫ್ರಾನ್ಸಿನ ರೆನೆ ಆಂಟ್ವಾನ್ ರೇಯೋಮ್ಯೂರ್ 1730ರಲ್ಲಿ ತಂದದ್ದು. ನೀರು 0ಯಲ್ಲಿ ಹೆಪ್ಪುಗಟ್ಟುತ್ತದೆ, 80ರಲ್ಲಿ ಕುದಿಯುತ್ತದೆ. ಸೊನ್ನೆ ಒಂದೇ ಆದ್ದರಿಂದ ಕೂಡುವುದು ಕಳೆಯುವುದು ಏನೂ ಇಲ್ಲ, 1.25ರಿಂದ ಗುಣಿಸಿದರೆ ಸೆಲ್ಸಿಯಸ್. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಬರುವ ರಾಂಕಿನ್ ಅಳತೆಗೆ ಸೊನ್ನೆ ಕೆಲ್ವಿನ್‌ನದ್ದು, ಮೆಟ್ಟಿಲು ಫ್ಯಾರನ್‌ಹೀಟ್‌ನದ್ದು. ಫ್ಯಾರನ್‌ಹೀಟ್‌ಗೆ 459.67 ಕೂಡಿದರೆ ಆಯಿತು.

ಕ್ಯಾಲ್ಕುಲೇಟರ್ ಮತ್ತು ಪ್ರೋಗ್ರಾಂ

ಸಾದಾ ಕ್ಯಾಲ್ಕುಲೇಟರಿನಲ್ಲಿ ಒತ್ತಿದ ಕ್ರಮದಲ್ಲೇ ಲೆಕ್ಕ ಆಗುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್, ಮೊಬೈಲು, ಸ್ಪ್ರೆಡ್‌ಶೀಟ್‌ಗಳಲ್ಲಿ ಗುಣಾಕಾರ ಮತ್ತು ಭಾಗಾಕಾರ ಮೊದಲು. 101 − 32 ÷ 1.8 ಅಂತ ಹಾಗೇ ಬರೆದರೆ ಅದು 32 ಅನ್ನು ಮಾತ್ರ ಭಾಗಿಸಿ 83.2 ಕೊಡುತ್ತದೆ. (101 − 32) ÷ 1.8 ಅಂತ ಆವರಣ ಹಾಕಲೇಬೇಕು.

ಪ್ರೋಗ್ರಾಂ ಬರೆಯುವವರಿಗೆ ಬೇರೆ ಹಳ್ಳ ಇದೆ. ಸಿ, ಜಾವಾ ಥರದ ಭಾಷೆಗಳಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ. 5/9 ಅಂತ ಬರೆದರೆ 0 ಬರುತ್ತದೆ, 9/5 ಬರೆದರೆ 1. ಅದಕ್ಕೆ 5.0/9.0 ಅಂತ ಬರೆಯಿರಿ.

ಪರೀಕ್ಷೆ ಮಾಡುವಾಗ ಯಾವ ಸಂಖ್ಯೆ ಹಾಕುತ್ತೀರಿ ಅನ್ನೋದು ಮುಖ್ಯ. 5/9 ಸೊನ್ನೆಯಾಗಿ ಕೆಟ್ಟಿರುವ ಪ್ರೋಗ್ರಾಮಿಗೆ 32 °ಫ್ಯಾ ಕೊಟ್ಟರೆ 0 °ಸೆ ಅನ್ನುತ್ತದೆ. ಉತ್ತರ ಸರಿ! ಯಾವ ಸಂಖ್ಯೆ ಕೊಟ್ಟರೂ ಅದು 0 ಅನ್ನುತ್ತದೆ, ನಾವು ಕೇಳಿದ ಪ್ರಶ್ನೆಗೆ ಅದೇ ಸರಿಯುತ್ತರ ಆಗಿತ್ತು ಅಷ್ಟೇ. ಹಾಗಾಗಿ ಒಂದು ಬಿಂದು ಸಾಲದು. 32, 212, −40 ಮೂರನ್ನೂ ಹಾಕಿ. 0, 100, −40 ಬಂದರೆ ಒಪ್ಪಿಕೊಳ್ಳಿ.

ಕೈಯಲ್ಲೇ ಮಾಡಿ ನೋಡಲು

1. ಅಂಟಾರ್ಕ್ಟಿಕಾದ ವೋಸ್ಟೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು −89.2 °ಸೆ ದಾಖಲಾಯಿತು. ಫ್ಯಾರನ್‌ಹೀಟ್‌ನಲ್ಲಿ ಎಷ್ಟು?
2. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದದ್ದು 134 °ಫ್ಯಾ. ಸೆಲ್ಸಿಯಸ್‌ನಲ್ಲಿ?
3. ದ್ರವ ಹೀಲಿಯಂ ಸುಮಾರು 4.2 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಫ್ಯಾರನ್‌ಹೀಟ್‌ನಲ್ಲಿ?
4. ಜ್ವರ 103ರಿಂದ 100 °ಫ್ಯಾಗೆ ಇಳಿಯಿತು. ಎಷ್ಟು ಸೆಲ್ಸಿಯಸ್ ಡಿಗ್ರಿ ಇಳಿದಂತಾಯಿತು?

ಉತ್ತರಗಳು: ಮೊದಲನೆಯದು −128.6 °ಫ್ಯಾ. ಎರಡನೆಯದು 56.7 °ಸೆ. ಮೂರನೆಯದಕ್ಕೆ ಮೊದಲು −268.95 °ಸೆ ಬರಬೇಕು, ಅಲ್ಲಿಂದ ಸುಮಾರು −452 °ಫ್ಯಾ. ನಾಲ್ಕನೆಯದು 3 ÷ 1.8, ಅಂದರೆ ಸುಮಾರು 1.7 ಡಿಗ್ರಿ. ಇಲ್ಲಿ 32 ಕಳೆದು −16 ಬರೆದಿದ್ದರೆ ವ್ಯತ್ಯಾಸದ ಭಾಗವನ್ನು ಇನ್ನೊಮ್ಮೆ ಓದಿ.